ಬಸುರು ಇಳಿದ ಹೆಣ್ಣುಮಗಳನ್ನು ಊರಿಂದೂರಿಗೆ ಅಲೆಸಬೇಡಿ: ಆರೋಗ್ಯ ಸಚಿವರಿಗೆ ಯಾದಗಿರಿಯಿಂದ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ,
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಹಾಗೂ ಯಾದಗಿರಿ ಜಿಲ್ಲೆಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು.

ಮಾನ್ಯರೇ,

ಮೊದಲ ಮೂರು ತಿಂಗಳೊಳಗೆ ಬಸುರು ತಾನಾಗಿಯೇ ಇಳಿದು, ಅದರ ಭಾಗಗಳು ಗರ್ಭಕೋಶದಲ್ಲಿ ಉಳಿದುಕೊಂಡು ರಕ್ತ ಹೋಗುತ್ತಿರುವ ಹೆಣ್ಣುಮಗಳಿಗೆ ಬೇಕಾದ ಚಿಕಿತ್ಸೆಯು ಯಾದಗಿರಿ ಜಿಲ್ಲೆಯ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಸಮುದಾಯ ಆರೋಗ್ಯ ಕೇಂದ್ರದಲ್ಲಿಯೂ ಹಗಲು ರಾತ್ರಿ ಸಿಗಬೇಕು ಎಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಆ ಚಿಕಿತ್ಸೆಗೆ ವಿದ್ಯುತ್ ಬೇಕಿಲ್ಲ, ಪೂರ್ಣ ಅರಿವಳಿಕೆ ಬೇಕಿಲ್ಲ, ದೊಡ್ಡ ಶಸ್ತ್ರಚಿಕಿತ್ಸಾ ಕೊಠಡಿ ಬೇಕಿಲ್ಲ. ತರಬೇತಿ ಪಡೆದ ಒಬ್ಬ ವೈದ್ಯರು, ಜೊತೆಗೊಬ್ಬ ನರ್ಸ್, ಕೈಯಿಂದಲೇ ನಡೆಸುವ ಒಂದು ಸಿರಿಂಜು ಇದ್ದರೆ ಸಾಕು. ಅದರ ಹೆಸರು ಮ್ಯಾನ್ಯುಯಲ್ ವ್ಯಾಕ್ಯೂಮ್ ಆಸ್ಪಿರೇಷನ್. ಆಸ್ಪತ್ರೆಯವರು ಚುಟುಕಾಗಿ ಎಂ.ವಿ.ಎ. ಎನ್ನುತ್ತಾರೆ.

ನಾನು ಈ ಭಾಗದ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗಳಲ್ಲಿ ಸುಮಾರು ಮೂರು ದಶಕ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ಯಾದಗಿರಿಯು ಗುಲ್ಬರ್ಗ ಜಿಲ್ಲೆಯಿಂದ ಬೇರ್ಪಟ್ಟು 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾದಾಗ, ಇನ್ನು ಮುಂದೆ ಪ್ರತಿಯೊಂದಕ್ಕೂ ಕಲಬುರಗಿಗೆ ಓಡುವುದು ತಪ್ಪೀತು ಎಂದು ನಂಬಿದವರಲ್ಲಿ ನಾನೂ ಒಬ್ಬಳು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದ ಮೇಲೆ ಆ ನಂಬಿಕೆ ಇನ್ನಷ್ಟು ಗಟ್ಟಿಯಾಗಿತ್ತು. ಕಟ್ಟಡಗಳು ಎದ್ದಿರುವುದು ನಿಜ, ಜಿಲ್ಲೆಗೊಂದು ವೈದ್ಯಕೀಯ ಕಾಲೇಜು ಬಂದಿರುವುದೂ ನಿಜ. ಅದಕ್ಕಾಗಿ ಸರ್ಕಾರಕ್ಕೆ ನಾನು ಕೃತಜ್ಞಳು. ಆದರೆ ಹೆರಿಗೆಗೆ ಬಂದವಳಿಗೆ ದೊರೆಯುವ ಗಮನದ ಅರ್ಧದಷ್ಟೂ ಬಸುರು ಕಳೆದುಕೊಂಡು ಬಂದವಳಿಗೆ ಇಂದಿಗೂ ದೊರೆಯುತ್ತಿಲ್ಲ.

ಕಳೆದ ಹಂಗಾಮಿನಲ್ಲಿ, ಹತ್ತಿ ಬಿಡಿಸುವ ಕೆಲಸ ಜೋರಾಗಿದ್ದ ದಿನಗಳಲ್ಲಿ, ಸುರಪುರ ತಾಲ್ಲೂಕಿನ ಕೃಷ್ಣಾ ತೀರದ ಹಳ್ಳಿಯೊಂದರ ಹೆಣ್ಣುಮಗಳ ಜೊತೆಗೆ ನಾನು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಬೇಕಾಯಿತು. ಆಕೆಗೆ ಆಗ ಸುಮಾರು ಹತ್ತು ವಾರ. ಗಂಡ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದ. ಮನೆಯಲ್ಲಿ ಅತ್ತೆ ಒಬ್ಬಳೇ. ಸಂಜೆ ಶುರುವಾದ ರಕ್ತಸ್ರಾವ ರಾತ್ರಿಯ ಹೊತ್ತಿಗೆ ಗಡ್ಡೆಗಡ್ಡೆಯಾಗಿ ಹೋಗತೊಡಗಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದ ನರ್ಸ್ ತನ್ನಿಂದಾದದ್ದನ್ನೆಲ್ಲ ಮಾಡಿದಳು: ಸಲೈನ್ ಹಚ್ಚಿದಳು, ರಕ್ತದೊತ್ತಡ ನೋಡಿದಳು, 108ಕ್ಕೆ ಕರೆ ಮಾಡಿದಳು. ತಾಲ್ಲೂಕು ಆಸ್ಪತ್ರೆಯ ಕರ್ತವ್ಯನಿರತ ವೈದ್ಯರು ಪರೀಕ್ಷಿಸಿ, ಗರ್ಭಕೋಶದ ಬಾಯಿ ತೆರೆದಿದೆ, ಅರ್ಧ ಹೋಗಿ ಅರ್ಧ ಉಳಿದಿದೆ ಎಂದು ಸರಿಯಾಗಿಯೇ ಗುರುತಿಸಿದರು. ಗುರುತಿಸಿದ ಮೇಲೆ ಮಾಡಬೇಕಾದ ಕೆಲಸ ಮಾತ್ರ ಅಲ್ಲಿ ನಡೆಯಲಿಲ್ಲ. ಅರಿವಳಿಕೆ ತಜ್ಞರಿಲ್ಲ, ಓ.ಟಿ. ತೆರೆಯುವವರಿಲ್ಲ ಎಂದು ಜಿಲ್ಲಾ ಕೇಂದ್ರಕ್ಕೆ ಚೀಟಿ ಬರೆದರು. ಜಿಲ್ಲಾ ಕೇಂದ್ರದಲ್ಲಿ ಸ್ತ್ರೀರೋಗ ತಜ್ಞೆ ತುರ್ತು ಸಿಸೇರಿಯನ್‌ನಲ್ಲಿದ್ದರು. ಕಾಯುತ್ತಿರುವಷ್ಟರಲ್ಲಿ ಈಕೆಯ ನಾಡಿ ಕ್ಷೀಣಿಸಿತು, ಹಿಮೋಗ್ಲೋಬಿನ್ ಇಳಿಯಿತು, ಬೇಕಾದ ಗುಂಪಿನ ರಕ್ತ ಆ ಹೊತ್ತಿಗೆ ಒದಗಲಿಲ್ಲ. ಅಲ್ಲಿಂದ ಮತ್ತೆ ಸುಮಾರು 80 ಕಿ.ಮೀ. ದೂರದ ಕಲಬುರಗಿಗೆ ಕಳಿಸಿದರು.

ಕಲಬುರಗಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಯುವ ವೈದ್ಯೆಯೊಬ್ಬರು ಆಕೆಗೆ ರಕ್ತ ಹಚ್ಚಿಸಿ, ಗರ್ಭಕೋಶದ ಕೊರಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕೈಸಿರಿಂಜಿನಿಂದ ಉಳಿದದ್ದನ್ನು ತೆಗೆದರು. ಸುಮಾರು ಹತ್ತು ನಿಮಿಷದ ಕೆಲಸ. ಬೆಳಗಾಗುವಷ್ಟರಲ್ಲಿ ರಕ್ತಸ್ರಾವ ನಿಂತು ಆಕೆ ಎದ್ದು ಕುಳಿತು ಚಹಾ ಕುಡಿದಳು. ಆಕೆ ಬದುಕಿದಳು, ಅದಕ್ಕೆ ಆ ವೈದ್ಯೆಗೂ ಆಂಬುಲೆನ್ಸಿನ ಸಿಬ್ಬಂದಿಗೂ ನಾನು ಋಣಿ. ಆದರೆ ಅದೇ ಹತ್ತು ನಿಮಿಷದ ಕೆಲಸ ತಾಲ್ಲೂಕಿನಲ್ಲಿಯೇ ನಡೆದಿದ್ದರೆ ಆಕೆಗೆ ಇನ್ನೊಬ್ಬರ ರಕ್ತ ಬೇಕಾಗುತ್ತಿರಲಿಲ್ಲ, ಮೂರು ಆಸ್ಪತ್ರೆಗಳ ಮೆಟ್ಟಿಲು ಹತ್ತಬೇಕಾಗುತ್ತಿರಲಿಲ್ಲ, ಕೈಯಲ್ಲಿದ್ದ ಹತ್ತಿಯ ಕೂಲಿಯೆಲ್ಲ ಜೊತೆಗೆ ಬಂದವರ ಊಟಕ್ಕೂ ಮರಳುವ ದಾರಿಗೂ ಕರಗುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕ ಸಿಬ್ಬಂದಿಯ ಪೈಕಿ ಯಾರನ್ನೂ ನಾನು ದೂರುತ್ತಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದೆ ಇದ್ದುದರಲ್ಲಿ ದುಡಿದರು. ಅವರ ಮುಂದೆ ಇರಬೇಕಾದದ್ದು ಇರಲಿಲ್ಲ ಎಂಬುದೇ ನನ್ನ ದೂರು, ಮತ್ತು ಅದನ್ನು ಇಡಬೇಕಾದವರು ತಾವು.

ಈ ಉಪಕರಣವನ್ನು ಕಾಣದ ಸಾರ್ವಜನಿಕರೂ ಪತ್ರವನ್ನು ಓದುವುದರಿಂದ ಅದರ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ. ಅದು 60 ಮಿ.ಲೀ. ಹಿಡಿಯುವ ದಪ್ಪ ಪ್ಲಾಸ್ಟಿಕ್ ಸಿರಿಂಜು. ಬಾಯಲ್ಲಿರುವ ಕವಾಟದ ಗುಂಡಿಯನ್ನು ಒತ್ತಿ ಮುಚ್ಚಿ, ಹಿಂದಿನ ಹಿಡಿಯನ್ನು ಅದರ ತೋಳುಗಳು ಸಿಕ್ಕಿಕೊಳ್ಳುವವರೆಗೆ ಎಳೆದರೆ ಒಳಗೆ ನಿರ್ವಾತ ಉಂಟಾಗುತ್ತದೆ. 4ರಿಂದ 12 ಮಿ.ಮೀ. ಅಗಲದ ಮೆದು ಪ್ಲಾಸ್ಟಿಕ್ ಕೊಳವೆಗಳು, ಅಂದರೆ ಕ್ಯಾನುಲಾಗಳು, ಅದಕ್ಕೆ ಜೋಡಣೆಯಾಗುತ್ತವೆ. ಎಷ್ಟು ವಾರದ ಬಸುರು ಎಂಬುದನ್ನು ನೋಡಿ ವೈದ್ಯರು ಅಳತೆ ಆರಿಸುತ್ತಾರೆ. ಕೊಳವೆಯನ್ನು ಗರ್ಭಕೋಶದೊಳಗೆ ಸೇರಿಸಿ ಕವಾಟ ಬಿಟ್ಟಾಗ ಉಳಿದುಕೊಂಡಿದ್ದ ಭಾಗಗಳು ಆ ಸೆಳೆತಕ್ಕೆ ಸಿರಿಂಜಿನೊಳಗೆ ಬರುತ್ತವೆ. ಕೆಂಪು ನೊರೆ ಮಾತ್ರ ಬರತೊಡಗಿ, ಕೊಳವೆಯ ತುದಿಗೆ ಗರ್ಭಕೋಶದ ಗೋಡೆ ತರಿತರಿಯಾಗಿ ತಾಗಿ, ಗರ್ಭಕೋಶವೇ ಕೊಳವೆಯನ್ನು ಬಿಗಿಹಿಡಿಯಲು ಆರಂಭಿಸಿದರೆ ಕೆಲಸ ಮುಗಿಯಿತೆಂದು ಅನುಭವಿ ಕೈಗೆ ತಿಳಿಯುತ್ತದೆ. ತೆಗೆದದ್ದನ್ನು ಜರಡಿಗೆ ಹಾಕಿ ನೀರಿನಲ್ಲಿ ತೊಳೆದು ಕಣ್ಣಾರೆ ನೋಡುವುದು ಕಡ್ಡಾಯ. ಕಾಣಬೇಕಾದ ಭಾಗಗಳು ಅಲ್ಲಿ ಕಾಣದಿದ್ದರೆ ಬಸುರು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿರಬಹುದೆಂಬ ಎಚ್ಚರ ಅಲ್ಲಿಯೇ ಸಿಗುತ್ತದೆ, ಮತ್ತು ಆ ಎಚ್ಚರವೇ ಜೀವ ಉಳಿಸುತ್ತದೆ. ಬಳಸಿದ ಸಿರಿಂಜನ್ನು ಕ್ಲೋರಿನ್ ದ್ರಾವಣದಲ್ಲಿ ನೆನೆಸಿ, ಬಿಚ್ಚಿ ತೊಳೆದು, ಸೋಂಕು ನಿವಾರಿಸಿ ಮತ್ತೆ ಮತ್ತೆ ಬಳಸಬಹುದು. ವಿದ್ಯುತ್ ಕೈಕೊಡುವ ರಾತ್ರಿಗಳಲ್ಲಿ ಟಾರ್ಚ್ ಬೆಳಕಿನಲ್ಲಿಯೂ ನಿಲ್ಲದೆ ನಡೆಯಬಲ್ಲ ವಿಧಾನ ಇದು ಎಂಬುದನ್ನು ನಮ್ಮ ಭಾಗದವರಿಗೆ ಒತ್ತಿ ಹೇಳಬೇಕಾಗಿಲ್ಲ.

ಇದಕ್ಕೆ ಬದಲಾಗಿ ನಮ್ಮಲ್ಲಿ ಇನ್ನೂ ರೂಢಿಯಲ್ಲಿರುವುದು ಡಿ ಅಂಡ್ ಸಿ. ಲೋಹದ ಸಲಾಕೆಗಳಿಂದ ಗರ್ಭಕೋಶದ ಬಾಯಿಯನ್ನು ಹಿಗ್ಗಿಸಿ, ಕ್ಯೂರೆಟ್ ಎಂಬ ಚೂಪಂಚಿನ ಲೋಹದ ಸಾಧನದಿಂದ ಒಳಗೋಡೆಯನ್ನು ಕೆರೆಯುವ ವಿಧಾನ ಅದು. ಚೂಪಂಚಿನ ಕೆರೆತವನ್ನು ಕೈಬಿಟ್ಟು ನಿರ್ವಾತದ ವಿಧಾನವನ್ನೋ ಮಾತ್ರೆಗಳನ್ನೋ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಬಹಳ ಹಿಂದಿನಿಂದಲೂ ಹೇಳುತ್ತಿದೆ. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೋ ಕೂಡ 2011ರಲ್ಲಿ ಅದನ್ನೇ ಹೇಳಿದೆ. ಕೇಂದ್ರ ಆರೋಗ್ಯ ಸಚಿವಾಲಯದ ಸಮಗ್ರ ಗರ್ಭಪಾತ ಆರೈಕೆ ಮಾರ್ಗಸೂಚಿಯ ನಿಲುವೂ ಇದಕ್ಕಿಂತ ಬೇರೆಯಲ್ಲ. ಕೆರೆತದಲ್ಲಿ ಗರ್ಭಕೋಶ ತೂತಾಗುವ ಅಪಾಯ, ಹೆಚ್ಚು ರಕ್ತ ಹೋಗುವ ಅಪಾಯ, ನೋವು, ಆಸ್ಪತ್ರೆವಾಸ ಎಲ್ಲವೂ ಹೆಚ್ಚು. ಒಳಪದರವನ್ನು ಆಳವಾಗಿ ಕೆರೆದುಬಿಟ್ಟರೆ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ಮುಟ್ಟು ನಿಂತುಹೋಗುವುದೂ ಮುಂದೆ ಬಸುರು ನಿಲ್ಲದಿರುವುದೂ ಉಂಟು. ವೈದ್ಯರು ಅದನ್ನು ಆಶರ್ಮನ್ ಸಿಂಡ್ರೋಮ್ ಎನ್ನುತ್ತಾರೆ. ಮಕ್ಕಳಾಗಲಿಲ್ಲವೆಂದು ಗಂಡನಿಗೆ ಎರಡನೇ ಮದುವೆಯ ಮಾತು ತೆಗೆಯುವ ಮನೆಗಳು ಇನ್ನೂ ಇರುವ ನಾಡಿನಲ್ಲಿ ಈ ಅಪಾಯವನ್ನು ಹಗುರವಾಗಿ ಕಾಣುವುದು ಅನ್ಯಾಯ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬ ದೂರುಗಳು ಸುಮಾರು ಹತ್ತು ವರ್ಷಗಳ ಹಿಂದೆ ರಾಜ್ಯವನ್ನೇ ಬೆಚ್ಚಿಬೀಳಿಸಿದ್ದವು. ಗರ್ಭಕೋಶಕ್ಕೆ ಸಂಬಂಧಿಸಿದ ಯಾವ ಚಿಕಿತ್ಸೆಯೆಂದರೂ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಹೆದರುವುದಕ್ಕೆ ಕಾರಣವಿದೆ. ಆ ಹೆದರಿಕೆಯನ್ನು ಸುರಕ್ಷಿತ ವಿಧಾನದಿಂದಲೂ ಒಳ್ಳೆಯ ಮಾತಿನಿಂದಲೂ ಮಾತ್ರ ಕಳೆಯಲು ಸಾಧ್ಯ.

ಬಸುರು ಇಳಿದವರೆಲ್ಲರಿಗೂ ಸಿರಿಂಜೇ ಆಗಬೇಕೆಂದು ನಾನು ಹೇಳುತ್ತಿಲ್ಲ. ಕಾದು ನೋಡುವುದೂ ಒಂದು ದಾರಿ; ಅರ್ಧ ಇಳಿದ ಬಸುರು ಅನೇಕರಲ್ಲಿ ಎರಡು ವಾರದೊಳಗೆ ತಾನಾಗಿಯೇ ಪೂರ್ತಿಯಾಗುತ್ತದೆ. ಮಿಸೊಪ್ರೊಸ್ಟಾಲ್ ಮಾತ್ರೆ ಇನ್ನೊಂದು ದಾರಿ. ಹೆರಿಗೆಯ ನಂತರದ ರಕ್ತಸ್ರಾವಕ್ಕೆಂದು ಆರೋಗ್ಯ ಕೇಂದ್ರಗಳಲ್ಲಿ ದಾಸ್ತಾನಿರುವ ಮಾತ್ರೆಯೇ ಅದು. ಜ್ವರ, ದುರ್ವಾಸನೆಯ ಸ್ರಾವ ಇರುವವರಿಗೆ ಮೊದಲು ಆಂಟಿಬಯೋಟಿಕ್ ಬೇಕು, ರಕ್ತ ಹೋಗಿ ರಕ್ತದೊತ್ತಡ ಕುಸಿದವರನ್ನು ಮೊದಲು ಚೇತರಿಸಿಕೊಳ್ಳುವಂತೆ ಮಾಡಬೇಕು, ಮೂರು ತಿಂಗಳು ದಾಟಿದ ಬಸುರನ್ನು ಮೇಲಿನ ಆಸ್ಪತ್ರೆಗೇ ಕಳಿಸಬೇಕು. ಇದೆಲ್ಲ ವೈದ್ಯರ ವಿವೇಚನೆಗೆ ಬಿಟ್ಟದ್ದು. ಆದರೆ ಕಾದು ನೋಡು ಎನ್ನುವ ಸಲಹೆ ಯಾರಿಗೆ ಒಪ್ಪುತ್ತದೆ ಎಂಬುದನ್ನು ತಾವು ಯೋಚಿಸಬೇಕು. ಮಧ್ಯರಾತ್ರಿ ರಕ್ತ ಹೆಚ್ಚಾದರೆ ಅರ್ಧ ಗಂಟೆಯಲ್ಲಿ ಆಸ್ಪತ್ರೆ ಮುಟ್ಟಬಲ್ಲವಳಿಗೆ ಅದು ಒಳ್ಳೆಯ ಸಲಹೆ. ಕೊನೆಯ ಬಸ್ಸು ಹೋದ ಮೇಲೆ ಬೆಳಗಿನವರೆಗೆ ದಾರಿಯೇ ಇಲ್ಲದ ತಾಂಡಾದವಳಿಗೆ, ಮೊದಲೇ ರಕ್ತಹೀನತೆಯಿಂದ ಬಿಳಿಚಿಕೊಂಡಿರುವವಳಿಗೆ, ಮರುದಿನವೇ ತೊಗರಿ ರಾಶಿಗೆ ಹೋಗದಿದ್ದರೆ ಕೂಲಿ ಇಲ್ಲದವಳಿಗೆ ಎರಡು ವಾರ ಕಾಯುವುದು ಅಪಾಯದ ಮಾತು. ನಿರ್ವಾತದ ವಿಧಾನದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿಗೆ ಒಂದೇ ಸಲಕ್ಕೆ ಗರ್ಭಕೋಶ ಪೂರ್ತಿ ಖಾಲಿಯಾಗುತ್ತದೆ, ಕೆಲವು ಗಂಟೆಗಳಲ್ಲಿ ಮನೆಗೆ ಮರಳಬಹುದು. ಮೂರೂ ದಾರಿಗಳನ್ನು ಆಕೆಯ ಮುಂದಿಟ್ಟು, ಆಕೆಯ ಪರಿಸ್ಥಿತಿ ಕೇಳಿ, ಆಕೆಯೇ ಆರಿಸಿಕೊಳ್ಳುವಂತೆ ಮಾಡುವುದೇ ಸರಿಯಾದ ವೈದ್ಯಕೀಯ. ಆರಿಸಿಕೊಳ್ಳಲು ಮೂರೂ ಅಲ್ಲಿ ಲಭ್ಯವಿರಬೇಕಷ್ಟೆ.

ಹಾಗಾದರೆ ಲಭ್ಯವಿಲ್ಲದಿರುವುದೇಕೆ? ಉಪಕರಣದ ಬೆಲೆ ದೊಡ್ಡದಲ್ಲ. ನಾನು ಕೆಲಸ ಮಾಡಿದ ಕಡೆ ಅದು ದಾಸ್ತಾನು ಪುಸ್ತಕದಲ್ಲಿ ಬರೆದೂ ಇತ್ತು, ಅಲಮಾರಿಯಲ್ಲಿ ಬೀಗದೊಳಗೆ ಇದ್ದೂ ಇತ್ತು. ಬಳಸದೆ ಇಟ್ಟ ಸಿರಿಂಜಿನ ರಬ್ಬರ್ ಉಂಗುರ ಒಣಗಿ ಬಿರಿಯುತ್ತದೆ. ಉಂಗುರ ಬಿರಿದ ಸಿರಿಂಜು ನಿರ್ವಾತ ಹಿಡಿಯುವುದಿಲ್ಲ. ಹಿಡಿಯನ್ನು ಎಳೆದು ಕೆಲವು ನಿಮಿಷ ಬಿಟ್ಟು ಕವಾಟ ತೆರೆದಾಗ ಗಾಳಿ ಒಳನುಗ್ಗುವ ಸದ್ದು ಕೇಳಿದರೆ ಉಪಕರಣ ಚೆನ್ನಾಗಿದೆ ಎಂದರ್ಥ. ಇಷ್ಟು ಸರಳ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡುವವರು ಯಾರೆಂದು ಯಾವ ಆದೇಶದಲ್ಲಿಯೂ ಬರೆದದ್ದನ್ನು ನಾನು ಕಾಣಲಿಲ್ಲ. ತರಬೇತಿ ಪಡೆದ ವೈದ್ಯರು ವರ್ಗವಾಗಿ ಹೋದರೆ ಕೌಶಲವೂ ಅವರೊಂದಿಗೆ ಹೋಗುತ್ತದೆ. ಬಂದವರು ಕಲಿತಿದ್ದಾರೆಯೇ ಎಂದು ಕೇಳುವವರಿಲ್ಲ.

ಇನ್ನೊಂದು ಕಾರಣವಿದೆ, ಅದು ಇದಕ್ಕಿಂತ ಹೆಚ್ಚು ಹಾನಿ ಮಾಡುತ್ತಿದೆ ಎಂಬುದು ನನ್ನ ಬಲವಾದ ಅಭಿಪ್ರಾಯ. ಬಸುರು ತೆಗೆಯುವುದಕ್ಕೂ ಇದೇ ಸಿರಿಂಜು ಬಳಕೆಯಾಗುವುದರಿಂದ, ಎಂ.ವಿ.ಎ. ಎಂದೊಡನೆ ಸಿಬ್ಬಂದಿಗೆ ನೆನಪಾಗುವುದು ಗರ್ಭಪಾತದ ಕಾನೂನು, ಭ್ರೂಣಲಿಂಗ ಪತ್ತೆಯ ಕಾನೂನು, ತಪಾಸಣೆಗೆ ಬರುವ ಅಧಿಕಾರಿ. ಆದ್ದರಿಂದ ಬಸುರು ತಾನಾಗಿ ಇಳಿದು ಬಂದವಳನ್ನೂ ಮೊದಲು ಅನುಮಾನದಿಂದ ನೋಡುತ್ತಾರೆ. ಯಾವ ಮಾತ್ರೆ ನುಂಗಿದೆ, ಯಾರು ಕೊಟ್ಟರು, ಗಂಡ ಎಲ್ಲಿ, ಅವನ ಸಹಿ ಎಲ್ಲಿ ಎಂಬ ಪ್ರಶ್ನೆಗಳು ರಕ್ತ ಸುರಿಯುತ್ತಿರುವವಳ ತಲೆದಿಂಬಿನ ಬಳಿ ನಡೆಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕಾನೂನು ಹಾಗೆ ಹೇಳುವುದಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯೂ 2021ರಲ್ಲಿ ಅದಕ್ಕಾದ ತಿದ್ದುಪಡಿಯೂ ಮುಂದುವರಿಯುತ್ತಿರುವ ಗರ್ಭವನ್ನು ಕೊನೆಗೊಳಿಸುವುದಕ್ಕೆ ಸಂಬಂಧಿಸಿದವು. ತಾನಾಗಿಯೇ ಇಳಿದುಹೋದ ಬಸುರಿನ ಉಳಿಕೆಯನ್ನು ತೆಗೆದು ರಕ್ತಸ್ರಾವ ನಿಲ್ಲಿಸುವುದು ತುರ್ತು ಚಿಕಿತ್ಸೆ. ಆ ಕಾಯ್ದೆಯಡಿ ನಡೆಯುವ ಗರ್ಭಪಾತಕ್ಕೇ ವಯಸ್ಕಳಾದ ಹೆಣ್ಣುಮಗಳ ಸ್ವಂತ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಹೀಗಿರುವಾಗ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ದುಡಿಯಲು ಹೋದ ಗಂಡನ ಸಹಿಗೆ ಕಾಯುತ್ತ ಚಿಕಿತ್ಸೆ ತಡಮಾಡುವುದಕ್ಕೆ ಯಾವ ಆಧಾರವೂ ಇಲ್ಲ. ಮಾತ್ರೆ ನುಂಗಿಯೇ ಬಂದವಳಾದರೂ ಸರಿಯೇ, ರಕ್ತ ಹೋಗುತ್ತಿರುವಾಗ ಆಕೆಗೆ ಬೇಕಾದದ್ದು ಚಿಕಿತ್ಸೆ. ವಿಚಾರಣೆಯ ಭಯದಿಂದ ಮನೆಯಲ್ಲೇ ಉಳಿದವರು ನಂಜೇರಿ ಬರುವುದನ್ನೂ ಕಂಡಿದ್ದೇನೆ.

ನೋವಿನ ಬಗ್ಗೆಯೂ ಹೇಳದಿರಲಾರೆ. ಎಂ.ವಿ.ಎ.ಗೆ ಪೂರ್ಣ ಅರಿವಳಿಕೆ ಬೇಡ ಎಂದರೆ ನೋವು ನಿವಾರಣೆಯೇ ಬೇಡ ಎಂದಲ್ಲ. ಅರ್ಧ ಮುಕ್ಕಾಲು ಗಂಟೆ ಮುಂಚೆ ಐಬುಪ್ರೊಫೆನ್‌ನಂಥ ಮಾತ್ರೆ, ಗರ್ಭಕೋಶದ ಕೊರಳಿನ ಸುತ್ತ ಲಿಗ್ನೋಕೇನ್ ಇಂಜೆಕ್ಷನ್, ತಲೆಯ ಬಳಿ ನಿಂತು ಕೈಹಿಡಿದು ಮಾತಾಡಿಸುವ ಒಬ್ಬ ನರ್ಸ್ ಇವು ಮೂರೂ ಆ ವಿಧಾನದ ಭಾಗಗಳೇ. ಮೂರೂ ಇಲ್ಲದೆ, ‘ಕೂಸು ಹಡೆಯೋ ಬ್ಯಾನಿ ತಡ್ಕೊಂಡಾಕಿ, ಇಷ್ಟು ತಡ್ಕೊಳ್ಳಾಕ ಬರಂಗಿಲ್ಲೇನು’ ಎಂದು ಗದರಿ ಕೆಲಸ ಮುಗಿಸುವುದನ್ನು ನೋಡುವ ದೌರ್ಭಾಗ್ಯ ನನ್ನದಾಗಿದೆ. ಹಡೆಯುವವಳ ನೋವಿನ ಕೊನೆಗೆ ಕೂಸು ಇರುತ್ತದೆ. ಈಕೆಯ ನೋವಿನ ಕೊನೆಗೆ ಏನೂ ಇರುವುದಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಅಂಥವಳನ್ನು ಚಿಕಿತ್ಸೆಯ ನಂತರ ಮಲಗಿಸುವುದು ಎಲ್ಲಿ? ಹೊಸ ತಾಯಂದಿರ ನಡುವೆ. ಪಕ್ಕದ ಮಂಚದಲ್ಲಿ ಕೂಸು ಅಳುತ್ತಿರುತ್ತದೆ, ಇನ್ನೊಂದು ಮಂಚಕ್ಕೆ ಬೀಗರು ಕೊಬ್ಬರಿ ಸಕ್ಕರೆ ತಂದಿರುತ್ತಾರೆ, ಈಕೆ ಗೋಡೆಯತ್ತ ಮುಖ ಮಾಡಿರುತ್ತಾಳೆ. ಹಡೆದವಳನ್ನು ಮನೆ ಮುಟ್ಟಿಸಲು ‘ನಗು-ಮಗು’ ವಾಹನ ಬರುತ್ತದೆ. ಕಳೆದುಕೊಂಡವಳು ಬಸ್ ನಿಲ್ದಾಣಕ್ಕೆ ನಡೆದು ಹೋಗುವುದನ್ನೇ ನಾನು ಕಂಡದ್ದು. ಮನೆಗೆ ಹೋದ ಮೇಲೆ ಆಪಾದನೆಗಳು ಕಾದಿರುತ್ತವೆ: ಕೊಡ ಎತ್ತಿದಳು, ಪಪ್ಪಾಯಿ ತಿಂದಳು, ಹೊಲಕ್ಕೆ ಹೋದಳು. ತಿಳಿದುಬಂದ ಬಸುರುಗಳಲ್ಲಿ ಹತ್ತಕ್ಕೆ ಒಂದಾದರೂ ಹೀಗೆ ಇಳಿಯುತ್ತದೆ, ಮೊದಲ ಮೂರು ತಿಂಗಳಲ್ಲಿ ಇಳಿಯುವವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಾದ ಏರುಪೇರು, ತಾಯಿ ಏನು ಮಾಡಿದ್ದರೂ ಅದನ್ನು ತಡೆಯಲಾಗುತ್ತಿರಲಿಲ್ಲ ಎಂಬ ಮಾತನ್ನು ಬಿಡುಗಡೆಯ ಹೊತ್ತಿನಲ್ಲಿ ಅತ್ತೆಯನ್ನೂ ಗಂಡನನ್ನೂ ಕೂರಿಸಿಕೊಂಡು ಒಬ್ಬ ವೈದ್ಯರು ಹೇಳಿದರೆ, ಆಕೆ ಆ ಮನೆಯಲ್ಲಿ ತಲೆಯೆತ್ತಿ ಬಾಳಬಲ್ಲಳು. ಆ ಐದು ನಿಮಿಷಕ್ಕೆ ಯಾವ ಅನುದಾನವೂ ಬೇಕಿಲ್ಲ. ಎರಡು ವಾರದೊಳಗೇ ಮತ್ತೆ ಬಸುರಾಗುವ ಸಾಧ್ಯತೆ ಮರಳುತ್ತದೆ ಎಂಬುದನ್ನೂ ಆಕೆಗೆ ಯಾರೂ ಹೇಳುವುದಿಲ್ಲ. ಬೇಡವೆನಿಸಿದರೆ ಏನು ಮಾಡಬಹುದು, ಬೇಕೆನಿಸಿದರೆ ಯಾವ ಆರೈಕೆ ಬೇಕು ಎಂದು ಕೇಳಲು ಆಕೆಗೆ ಬೇರೆ ಜಾಗವೂ ಇಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ. ಯಾದಗಿರಿ, ಶಹಾಪುರ, ಸುರಪುರ, ಹುಣಸಗಿ, ಗುರುಮಠಕಲ್, ವಡಗೇರಾ ಈ ಆರೂ ತಾಲ್ಲೂಕುಗಳಲ್ಲಿ ಹೆರಿಗೆ ನಡೆಯುವ ಯಾವ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಬಳಕೆಗೆ ಯೋಗ್ಯವಾದ ಎಂ.ವಿ.ಎ. ಉಪಕರಣವಿದೆ, ಎಲ್ಲಾ ಅಳತೆಯ ಕ್ಯಾನುಲಾಗಳಿವೆ, ಅದನ್ನು ಬಳಸಲು ಕಲಿತ ವೈದ್ಯರು ಯಾರಿದ್ದಾರೆ ಎಂಬ ಪಟ್ಟಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಸ್ವತಃ ಪರಿಶೀಲಿಸಿ ಸಿದ್ಧಪಡಿಸಲಿ. ದಾಸ್ತಾನು ಪುಸ್ತಕ ನೋಡಿ ಬರೆದ ಪಟ್ಟಿ ಬೇಡ. ಅಲಮಾರಿ ತೆರೆಸಿ, ಸಿರಿಂಜು ಎಳೆದು ನೋಡಿ ಬರೆದದ್ದು ಬೇಕು. ಉಪಕರಣವು ಹೆರಿಗೆ ಕೋಣೆಯಲ್ಲಿಯೇ, ರಾತ್ರಿ ಪಾಳಿಯ ನರ್ಸಿನ ಕೈಗೆಟಕುವಂತೆ ಇರಲಿ, ಮತ್ತು ಅದರ ನಿರ್ವಹಣೆ ಒಬ್ಬರ ಹೆಸರಿನಲ್ಲಿ ಇರಲಿ.

ತರಬೇತಿಯ ವಿಷಯ ಇದಕ್ಕಿಂತ ಮುಖ್ಯ. ಮೂರು ತಿಂಗಳೊಳಗಿನ ಗರ್ಭಪಾತ ಮಾಡುವ ಎಂ.ಬಿ.ಬಿ.ಎಸ್. ವೈದ್ಯರು 25 ಪ್ರಕರಣಗಳಲ್ಲಿ ನೆರವಾಗಿ ಅವುಗಳಲ್ಲಿ ಕನಿಷ್ಠ 5ನ್ನು ಸ್ವತಂತ್ರವಾಗಿ ಮಾಡಿರಬೇಕೆಂದು 2003ರ ನಿಯಮಗಳು ಹೇಳುತ್ತವೆ. ಸಣ್ಣ ಆಸ್ಪತ್ರೆಯಲ್ಲಿ ಅಷ್ಟು ಪ್ರಕರಣಗಳು ಬೇಗ ಕೂಡಿಬರುವುದಿಲ್ಲ, ಹೀಗಾಗಿ ತರಬೇತಿ ಅರ್ಧಕ್ಕೇ ನಿಂತುಹೋಗುತ್ತದೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜುಗಳು, ನಮ್ಮದೇ ಯಾದಗಿರಿಯ ವೈದ್ಯಕೀಯ ಕಾಲೇಜು ಈ ಮೂರು ಕಡೆ ಪ್ರಕರಣಗಳಿಗೆ ಕೊರತೆಯಿಲ್ಲ. ತಾಲ್ಲೂಕಿನ ವೈದ್ಯರನ್ನು ಸರದಿಯ ಮೇಲೆ ಅಲ್ಲಿಗೆ ನಿಯೋಜಿಸಿ, ಲೆಕ್ಕ ತುಂಬುವವರೆಗೂ ಕಲಿಯಲು ಅವಕಾಶ ಕೊಟ್ಟು, ಆ ದಿನಗಳಲ್ಲಿ ಅವರ ಜಾಗಕ್ಕೆ ಬದಲಿ ವೈದ್ಯರನ್ನು ಒದಗಿಸಬೇಕು. ಬದಲಿ ಇಲ್ಲದ ನಿಯೋಜನೆ ಕಾಗದದ ಮೇಲೆಯೇ ಉಳಿಯುತ್ತದೆ ಎಂಬುದನ್ನು ಇಲಾಖೆಯ ಒಳಗಿದ್ದವಳಾಗಿ ನಾನು ಬಲ್ಲೆ. ವೈದ್ಯರ ಜೊತೆಗೆ ಅದೇ ಆಸ್ಪತ್ರೆಯ ಇಬ್ಬರು ನರ್ಸುಗಳೂ ಹೋಗಲಿ. ಉಪಕರಣ ಸಿದ್ಧಪಡಿಸುವುದು, ಶುದ್ಧಗೊಳಿಸುವುದು, ನೋವಿನ ಔಷಧ ಹೊತ್ತಿಗೆ ಸರಿಯಾಗಿ ಕೊಡುವುದು, ತೆಗೆದ ಭಾಗಗಳನ್ನು ವೈದ್ಯರೊಂದಿಗೆ ಪರೀಕ್ಷಿಸುವುದು ಅವರ ಕೆಲಸ. ತರಬೇತಿ ಪಡೆದ ನರ್ಸುಗಳೂ ಸೂಲಗಿತ್ತಿ ಶಿಕ್ಷಣ ಪಡೆದವರೂ ಈ ಚಿಕಿತ್ಸೆಯನ್ನು ಸುರಕ್ಷಿತವಾಗಿ ಮಾಡಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿದೆ. ನಮ್ಮಲ್ಲಿ ಅದು ಇಂದೇ ಆಗಲಿ ಎಂದು ನಾನು ಕೇಳುವುದಿಲ್ಲ, ಆದರೆ ವೈದ್ಯರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬೀಳುವ ನಮ್ಮಂಥ ಜಿಲ್ಲೆಯ ಹಿತದೃಷ್ಟಿಯಿಂದ ಸರ್ಕಾರ ಅದನ್ನು ತಜ್ಞರ ಮುಂದಿಟ್ಟು ಚರ್ಚಿಸಬೇಕು.

ಮಾನ್ಯ ಆಯುಕ್ತರು ಒಂದು ಸುತ್ತೋಲೆ ಹೊರಡಿಸಬೇಕೆಂದು ಬೇಡುತ್ತೇನೆ. ತಾನಾಗಿ ಇಳಿದ ಬಸುರಿನ ಚಿಕಿತ್ಸೆ ತುರ್ತು ಚಿಕಿತ್ಸೆಯೆಂದೂ, ಅದಕ್ಕೆ ವಯಸ್ಕ ಹೆಣ್ಣುಮಗಳ ಒಪ್ಪಿಗೆಯೊಂದೇ ಸಾಕೆಂದೂ, ಗಂಡನ ಸಹಿಗಾಗಲಿ ಕಾರಣದ ವಿಚಾರಣೆಗಾಗಲಿ ಕಾಯುವಂತಿಲ್ಲವೆಂದೂ ಅದರಲ್ಲಿ ಸರಳ ಕನ್ನಡದಲ್ಲಿ ಬರೆದು ಪ್ರತಿ ಹೆರಿಗೆ ಕೋಣೆಯ ಗೋಡೆಗೆ ಅಂಟಿಸುವಂತಾಗಲಿ. ಮೂರು ತಿಂಗಳೊಳಗಿನ ಪ್ರಕರಣವನ್ನು ಮೇಲಿನ ಆಸ್ಪತ್ರೆಗೆ ಕಳಿಸುವುದಾದರೆ ಏಕೆ ಕಳಿಸಲಾಯಿತು ಎಂಬ ಕಾರಣವನ್ನು ಚೀಟಿಯಲ್ಲಿ ಬರೆಯುವುದು ಕಡ್ಡಾಯವಾಗಲಿ, ಆ ಚೀಟಿಗಳನ್ನು ಪ್ರತಿ ತಿಂಗಳ ಜಿಲ್ಲಾ ಸಭೆಯಲ್ಲಿ ಓದಲಿ. ಅರಿವಳಿಕೆ ತಜ್ಞರಿಲ್ಲ ಎಂಬುದು ಎಂ.ವಿ.ಎ. ಮಾಡದಿರುವುದಕ್ಕೆ ಕಾರಣವಾಗಿ ಒಂದೇ ತಾಲ್ಲೂಕಿನಿಂದ ಮತ್ತೆ ಮತ್ತೆ ಬಂದರೆ ಅಲ್ಲಿ ತರಬೇತಿ ತಲುಪಿಲ್ಲವೆಂದು ತಮಗೇ ತಿಳಿಯುತ್ತದೆ. ಚೂಪಂಚಿನ ಕೆರೆತ ಎಲ್ಲೆಲ್ಲಿ ಇನ್ನೂ ನಡೆದಿದೆ ಎಂಬುದನ್ನೂ ಇದೇ ಸಭೆಯಲ್ಲಿ ಕೇಳಬೇಕು; ಖಾಸಗಿ ಆಸ್ಪತ್ರೆಗಳಿಂದಲೂ ಲೆಕ್ಕ ತರಿಸಬೇಕು, ಏಕೆಂದರೆ ಸರ್ಕಾರಿ ಬಾಗಿಲು ಮುಚ್ಚಿದಾಗ ಸಾಲ ಮಾಡಿಕೊಂಡು ನಮ್ಮ ಹೆಣ್ಣುಮಕ್ಕಳು ಹೋಗುವುದು ಅಲ್ಲಿಗೇ.

ಇವುಗಳ ಜೊತೆಗೆ, ಬಸುರು ಕಳೆದುಕೊಂಡವರಿಗೆ ಹೊಸ ತಾಯಂದಿರ ವಾರ್ಡಿನಿಂದ ಬೇರೆಯಾದ ಎರಡು ಮಂಚಗಳು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿರಲಿ. ಕೋಣೆ ಇಲ್ಲವಾದರೆ ಒಂದು ಪರದೆಯಾದರೂ ಇರಲಿ. ಮನೆಗೆ ಬಿಡುವ ವಾಹನದ ಸೌಲಭ್ಯ ಅವರಿಗೂ ಸಿಗಲಿ. ಹಿಮೋಗ್ಲೋಬಿನ್ ನೋಡಿ, ಕಬ್ಬಿಣಾಂಶದ ಮಾತ್ರೆ ಕೊಟ್ಟು, ಹತ್ತು ಹದಿನೈದು ದಿನಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ವಿಚಾರಿಸುವ ಏರ್ಪಾಡಾಗಲಿ. ಇಂದು ಬಸುರು ಇಳಿಯಿತೆಂದರೆ ತಾಯಿ ಕಾರ್ಡಿನ ಪುಟ ಅಲ್ಲಿಗೇ ನಿಂತುಹೋಗುತ್ತದೆ, ಆಶಾಳ ಭೇಟಿಯೂ ನಿಲ್ಲುತ್ತದೆ. ಜ್ವರ, ನಿಲ್ಲದ ರಕ್ತಸ್ರಾವ, ಹೊಟ್ಟೆನೋವು ಕಾಣಿಸಿಕೊಳ್ಳುವುದಾದರೆ ಅದು ಆ ದಿನಗಳಲ್ಲಿಯೇ. ಆಗಲೇ ಯಾರೂ ಬಾಗಿಲಿಗೆ ಬರುವುದಿಲ್ಲ.

ಸುರಪುರದ ಆ ಹೆಣ್ಣುಮಗಳು ಒಪ್ಪಿದ್ದರಿಂದ ಆಕೆಯ ಹೆಸರು, ಊರು ಹೇಳದೆ ಆಕೆಯ ಸಂಗತಿಯನ್ನು ಇಲ್ಲಿ ಬರೆದಿದ್ದೇನೆ. ವಿಚಾರಣೆ ನಡೆಸಿ ಯಾರನ್ನಾದರೂ ಅಮಾನತು ಮಾಡಬೇಕೆಂಬ ಆಸೆ ಆಕೆಗೂ ಇಲ್ಲ, ನನಗೂ ಇಲ್ಲ. ಮೇಲೆ ಹೇಳಿದ ಪಟ್ಟಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಮೂರು ತಿಂಗಳೊಳಗೆ ಸಿದ್ಧಪಡಿಸಿ, ಯಾವ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಯಾವ ಹೊತ್ತಿನಲ್ಲಿ ಸಿಗುತ್ತದೆ ಎಂಬುದನ್ನು ತಮ್ಮ ಕಚೇರಿಯ ಹಾಗೂ ಪ್ರತಿ ಆರೋಗ್ಯ ಕೇಂದ್ರದ ಸೂಚನಾ ಫಲಕದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಉಪಕರಣ ಪರಿಶೀಲನೆಗೂ ನರ್ಸುಗಳ ತರಬೇತಿಗೂ ನಿವೃತ್ತರ ನೆರವು ಬೇಕೆನಿಸಿದರೆ, ಯಾವ ಸಂಭಾವನೆಯನ್ನೂ ಬಯಸದೆ ಬರಲು ನಾನೂ ನನ್ನ ಜೊತೆ ದುಡಿದ ಕೆಲವರೂ ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ,
ಯಾದಗಿರಿ ಜಿಲ್ಲೆ